ಓದುಗರ ಪ್ರಶ್ನೆ: 40 ಸಾವಿರಕ್ಕೆ ಯಾವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ?

ಪ್ರಶ್ನೆ: ನಮಸ್ಕಾರ ಸಾರ್, ನಮ್ಮೂರು ತೀರ್ಥಹಳ್ಳಿ ಹತ್ರ. ಆರು ವರ್ಷದಿಂದ ಡಿಜಿಟಲ್‌ನಲ್ಲಿ ಫೋಟೋ ತೆಗೀತಿದೀನಿ, ಈಗ ಮೀಡಿಯಂ ಫಾರ್ಮ್ಯಾಟ್ (ಮಾಮೂಲಿ ರೀಲಿಗಿಂತ ಅಗಲದ) ಫಿಲ್ಮ್ ಹುಚ್ಚು ಹಿಡಿದಿದೆ. ಬಜೆಟ್ 40 ಸಾವಿರ. ಹ್ಯಾಸೆಲ್‌ಬ್ಲಾಡ್ ಮೇಲೆ ಮೊದಲಿಂದ ಆಸೆ, ಫ್ರೆಂಡ್ಸ್ ಮಾಮಿಯಾ ಆರ್‌ಬಿ67 ಅಂತಾರೆ, ಇನ್ನೊಬ್ರು ಯಾಶಿಕಾ ಸಾಕು ಅಂತಾರೆ. ಅಜ್ಜ, ಅಜ್ಜಿ, ತೋಟ, ರಾತ್ರಿ ಅಡಿಕೆ ಸುಲಿಯೋರು, ಇವ್ರ ಫೋಟೋ ತೆಗೀಬೇಕು. ಯಾವ್ದು ತಗೊಳ್ಲಿ?

ಉತ್ತರ: ಯಾಶಿಕಾ ಮ್ಯಾಟ್ 124ಜಿ. ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಒಳ್ಳೇದೇ, ಆದ್ರೆ ಬಾಡಿ, ಲೆನ್ಸು, ಬ್ಯಾಕು (ಫಿಲ್ಮ್ ಕೂರೋ ಹಿಂದಿನ ಡಬ್ಬಿ) ಮೂರೂ ಬೇರೆ ಬೇರೆ, ಮೂರಕ್ಕೂ ವಯಸ್ಸಾಗಿದೆ, ರಿಪೇರಿ ಅಂತ ಬಂದ್ರೆ ಮೂರು ಕಡೆ ದುಡ್ಡು ಸುರೀಬೇಕು. ಆರ್‌ಬಿ67 ನಂಗೆ ತುಂಬಾ ಇಷ್ಟ, ಬ್ಯಾಕ್ ತಿರುಗಿಸಿದ್ರೆ ಸಾಕು ಅಡ್ಡ ಫೋಟೋ ಉದ್ದ ಆಗತ್ತೆ, ಲೆನ್ಸ್ ಮುಂದಕ್ಕೆ ಚಾಚೋ ಬೆಲ್ಲೋಸ್ (ಹಾರ್ಮೋನಿಯಂ ತಿದಿ ಥರದ ಮಡಿಕೆ) ಇರೋದ್ರಿಂದ ಅಜ್ಜಿ ಮುಖದ ಹತ್ರಕ್ಕೇ ಹೋಗ್ಬಹುದು, ಆದ್ರೆ ಲೆನ್ಸ್ ಸಮೇತ ಎರಡೂವರೆ ಕೆಜಿ ದಾಟತ್ತೆ, ಅದನ್ನ ಕುತ್ತಿಗೆಗೆ ಹಾಕ್ಕೊಂಡು ತೋಟದ ಏರಿ ಇಳಿಯೋಕಾಗಲ್ಲ ಮಾರಾಯ್ರೇ. ಟ್ರೈಪಾಡ್ ಇಟ್ಟು ಪೋರ್ಟ್ರೇಟ್ ಮಾಡೋರಿಗೆ ಅದು.

ಯಾಶಿಕಾದಲ್ಲಿ ಎರಡು ಲೆನ್ಸು, ಮೇಲಿಂದು ನೋಡೋಕೆ, ಕೆಳಗಿಂದು ತೆಗೆಯೋಕೆ. ಎಗರೋ ಕನ್ನಡಿ ಇಲ್ಲ, ಅದಕ್ಕೇ ಸದ್ದೂ ಇಲ್ಲ ಅದುರೋದೂ ಇಲ್ಲ, 400ರ (ಕಮ್ಮಿ ಬೆಳಕಿಗೂ ಆಗೋ) ಫಿಲ್ಮ್ ಹಾಕಿ ಸೆಕೆಂಡಿನ 1/30ಕ್ಕೆ ಕೈಯಲ್ಲೇ ಹಿಡ್ದು ಬಲ್ಬ್ ಬೆಳಕಲ್ಲಿ ಅಡಿಕೆ ಸುಲಿಯೋರನ್ನ ತೆಗೀಬಹುದು, ಅವ್ರಿಗೆ ಗೊತ್ತೂ ಆಗಲ್ಲ. ತೊಂದ್ರೆನೂ ಇದೆ. ಸುಮಾರು ಒಂದು ಮೀಟರ್‌ಗಿಂತ ಹತ್ರ ಫೋಕಸ್ ಆಗಲ್ಲ, ನೋಡೋ ಲೆನ್ಸು ಮೇಲಿರೋದ್ರಿಂದ ಹತ್ರದ ಫೋಟೋದಲ್ಲಿ ತಲೆ ಮೇಲೆ ಜಾಗ ಸ್ವಲ್ಪ ಜಾಸ್ತಿನೇ ಬಿಡಿ. ನೋಡೋ ಗಾಜಲ್ಲಿ ಎಡ ಬಲ ಉಲ್ಟಾ ಕಾಣತ್ತೆ, ಮೊದಲನೇ ವಾರ ಮಗು ಆ ಕಡೆ ಓಡಿದ್ರೆ ನೀವು ಈ ಕಡೆ ತಿರುಗ್ತೀರಿ. ಬೆಳಕು ಅಳೆಯೋ ಮೀಟರ್ ನಂಬಬೇಡಿ, ಅದಕ್ಕೆ ಬೇಕಾದ ಪಾದರಸದ ಸೆಲ್ ಈಗ ಬರಲ್ಲ, ಫೋನಿನ ಆ್ಯಪ್ ಸಾಕು.

ತಗೊಳ್ಳೋವಾಗ ನೋಡ್ಬೇಕಾದ್ದು ಇದು. ಫಿಲ್ಮ್ ಹಾಕದೆ ಶಟರ್ ಸ್ಪೀಡ್ 1 ಸೆಕೆಂಡಿಗೆ ಇಟ್ಟು ಒತ್ತಿ, ಸರ್ರ್ ಅಂತ ಒಂದೇ ಸಮ ಓಡಿ ಟಕ್ ಅಂತ ಮುಚ್ಚಬೇಕು. ತಡವರಿಸಿದ್ರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ನಾನು ಒಂದ್ಸಲ ಫೋಟೋ ನೋಡಿನೇ ಆನ್‌ಲೈನಲ್ಲಿ ದುಡ್ಡು ಕಳಿಸಿ ತರಿಸ್ದೆ, ಮಾರಿದೋನು ‘ಮಿಂಟ್’ (ಹೊಸದರ ಹಾಗೇ ಇದೆ) ಅಂತ ಬರ್ದಿದ್ದ, ಮೊದಲನೇ ರೋಲಿನ 12ರಲ್ಲಿ 5 ನೆಗೆಟಿವ್ ಮಸಿ ಬಳಿದ ಹಾಗೆ ಕಪ್ಪು, ಶಟರ್ ತೆರ್ಕೊಂಡು ಹಾಗೇ ಕೂತ್ಬಿಟ್ಟಿತ್ತು. ಆಮೇಲೆ ಹಿಂದಿನ ಬಾಗಿಲು ತೆಗ್ದು, ಸ್ಪೀಡ್ ‘ಬಿ’ಗೆ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರತ್ತೆ) ಇಟ್ಟು, ಒತ್ತಿ ಹಿಡ್ಕೊಂಡು ಲೆನ್ಸೊಳಗೆ ಟಾರ್ಚ್ ಬಿಡಿ, ಜೇಡರ ಬಲೆ ಥರ ಎಳೆ ಕಂಡ್ರೆ ಫಂಗಸ್, ಬಿಟ್ಬಿಡಿ. ನಿಮ್ಮೂರ ಮಳೆಗಂತೂ ಒಳ್ಳೇ ಲೆನ್ಸಿಗೂ ಬರತ್ತೆ, ಚರ್ಮದ ಕೇಸಲ್ಲಿ ಇಡ್ಲೇಬೇಡಿ, ಗಾಳಿ ಆಡದ ಡಬ್ಬಿಲಿ ಸಿಲಿಕಾ ಜೆಲ್ ಜೊತೆ ಇಡಿ. ಸೆಲ್ಫ್ ಟೈಮರ್ ಮುಟ್ಟೋದೂ ಬೇಡ, ಹಳೇ ಶಟರ್ ಅಲ್ಲೇ ಸಿಕ್ಕಾಕ್ಕೊಳತ್ತೆ. ಪೂರ್ತಿ 40 ಸಾವಿರ ಕ್ಯಾಮೆರಾಕ್ಕೇ ಹಾಕ್ಬೇಡಿ, ರೋಲಿಗೆ ಬರೋದು 12 ಫೋಟೋ, ಫಿಲ್ಮು, ಡೆವಲಪಿಂಗು, ಸ್ಕ್ಯಾನು ಎಲ್ಲಕ್ಕೂ ಬೇಕು.

ಪ್ರಶ್ನೆ: ತಾತನ ಆಗ್ಫಾ ಕ್ಲಿಕ್-ತ್ರೀ ಅಟ್ಟದಲ್ಲಿ ಸಿಕ್ತು. ಅದಕ್ಕೆ ಫಿಲ್ಮ್ ಈಗ್ಲೂ ಬರತ್ತಾ?

ಉತ್ತರ: ಬರತ್ತೆ! ಅದಕ್ಕೂ ಯಾಶಿಕಾ ಥರ 120 ಫಿಲ್ಮೇ, ಕೊಡಾಕ್ 1901ರಲ್ಲಿ ತಂದ ಸೈಜು ಇವತ್ತಿಗೂ ಮಾರಾಟದಲ್ಲಿದೆ. ಬಿಸಿಲಲ್ಲಿ ತೆಗೀರಿ, ಮನೆಯೊಳಗಿನ ಮಂದ ಬೆಳಕಲ್ಲಿ ಅದ್ರ ಕೈಲಾಗಲ್ಲ. ಒಳಗೆ ಖಾಲಿ ಸ್ಪೂಲ್ ಇದ್ಯಾ ನೋಡಿ, ಕಸ ಅಂತ ಎಸೆದ್ಬಿಟ್ಟೀರಿ, ಹೊಸ ಫಿಲ್ಮ್ ಸುತ್ಕೊಳ್ಳೋದು ಅದಕ್ಕೇ.