ರಕ್ತನಾಳಕ್ಕೆ ಶುದ್ಧ ನೀರಿನ ಬದಲು ಉಪ್ಪುನೀರನ್ನು ಏಕೆ ಕೊಡುತ್ತಾರೆ?

ಇದಕ್ಕೆ ಉತ್ತರ ಕೆಂಪು ರಕ್ತಕಣದ ಪೊರೆಯಲ್ಲಿದೆ. ಎರಡು ಪದರಗಳಾಗಿ ಜೋಡಣೆಗೊಂಡ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು ಈ ಪೊರೆಯ ಮೂಲ ಹಂದರವಾಗಿದ್ದು, ನೀರಿನೊಡನೆ ಬೆರೆಯದ ಅವುಗಳ ಬಾಲಗಳು ಒಳಮುಖವಾಗಿರುವುದರಿಂದ ಸೋಡಿಯಂ, ಪೊಟ್ಯಾಸಿಯಂನಂತಹ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಅದನ್ನು ಸುಲಭವಾಗಿ ದಾಟಲಾರವು. ನೀರಿಗೆ ಮಾತ್ರ ಅಕ್ವಾಪೊರಿನ್ ಎಂಬ ಪ್ರೋಟೀನಿನ ದಾರಿಗಳಿವೆ. (ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು, ಅವು ಮೊದಲು ಸಿಕ್ಕಿದ್ದೂ ಕೆಂಪು ರಕ್ತಕಣದಲ್ಲಿಯೇ.)

ಸುತ್ತ ಶುದ್ಧ ನೀರಿದ್ದರೆ, ಕಣದೊಳಗೆ ಕರಗಿರುವ ಪದಾರ್ಥಗಳು ಹೊರಬರಲಾಗದೆ ನೀರೇ ಒಳನುಗ್ಗುತ್ತದೆ, ಇದೇ ಆಸ್ಮಾಸಿಸ್. ನಡುವೆ ತಗ್ಗಾದ ಬಿಲ್ಲೆಯಂತಿದ್ದ ಕಣವು ಉಬ್ಬಿ ಗೋಳವಾಗುತ್ತದೆ, ಪೊರೆ ಅದಕ್ಕಿಂತ ಹೆಚ್ಚು ಹಿಗ್ಗಲಾರದೆ ಹರಿದು ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ. ಪ್ರನಾಳದಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಉಪ್ಪುನೀರಿಗೆ ಹಾಕಿದ ರಕ್ತವು ಮಬ್ಬಾಗಿಯೇ ಇರುತ್ತದೆ, ಶುದ್ಧ ನೀರಿಗೆ ಹಾಕಿದ್ದು ತುಸು ಹೊತ್ತಿನಲ್ಲೇ ತಿಳಿಗೆಂಪಾಗಿ, ಹಿಂದೆ ಹಿಡಿದ ಅಚ್ಚಿನ ಅಕ್ಷರಗಳನ್ನೂ ಓದಬಹುದು. ಸಸ್ಯಕೋಶಕ್ಕೆ ಗಟ್ಟಿಯಾದ ಭಿತ್ತಿಯಿರುವುದರಿಂದ ಅದು ಒಡೆಯದೆ ಬಿಗಿಯಾಗುತ್ತದೆ.

ಡ್ರಿಪ್‌ನಲ್ಲಿ ಬಳಸುವ ಶೇ. 0.9ರ ಸಲೈನಿನ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿದ್ದು, ಅದರಿಂದ 154 ಮಿಲಿಮೋಲ್ (ಕಣಗಳ ಎಣಿಕೆಯ ಮಾನ) ಸೋಡಿಯಂ ಹಾಗೂ ಅಷ್ಟೇ ಕ್ಲೋರೈಡ್ ಅಯಾನುಗಳು ದೊರೆಯುತ್ತವೆ. ಕರಗಿದ ಕಣಗಳ ಈ ಸಾಂದ್ರತೆಯು ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೆ ಬಹಳ ಸಮೀಪವಿರುವುದರಿಂದ ನೀರು ಯಾವ ಕಡೆಗೂ ಹೆಚ್ಚಾಗಿ ಹರಿಯುವುದಿಲ್ಲ. ಉಪ್ಪು ಇದಕ್ಕಿಂತ ಬಹಳ ಹೆಚ್ಚಾದರೆ ನೀರು ಹೊರಹೋಗಿ ರಕ್ತಕಣಗಳು ಸುಕ್ಕುಗಟ್ಟುತ್ತವೆ. ಶೇ. 5ರ ಗ್ಲುಕೋಸ್ ದ್ರಾವಣವೂ ಬಾಟಲಿಯಲ್ಲಿರುವಾಗ ಇದೇ ಸಮತೋಲನದಲ್ಲಿರುತ್ತದೆಯಾದರೂ, ದೇಹವು ಆ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ನೀರು ಮಾತ್ರ. ಆದ್ದರಿಂದ ಅದನ್ನು ಸಲೈನಿಗೆ ಸಮಾನವೆಂದು ಭಾವಿಸುವಂತಿಲ್ಲ.