ಎರಡು ವರ್ಷದ ಕಾಲೇಜು ಸೇರಿದರೆ ನಷ್ಟವೇ?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳು ಎಂಜಿನಿಯರಿಂಗ್ ಓದಬೇಕೆಂದಿದ್ದಾಳೆ. ಆದರೆ ನೇರವಾಗಿ ವಿಶ್ವವಿದ್ಯಾಲಯ ಸೇರದೆ, ಮೊದಲು ಹತ್ತಿರದ ಸರ್ಕಾರಿ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದುತ್ತಾಳಂತೆ. ಇದರಿಂದ ಮುಂದೆ ತೊಡಕಾಗದೇ? ಅಲ್ಲಿ ವಿದ್ಯಾರ್ಥಿಗಳಿಗೆ ಯಾವ ನೆರವು ದೊರೆಯುತ್ತದೆ?

ಉತ್ತರ: ಕಮ್ಯೂನಿಟಿ ಕಾಲೇಜೆಂದರೆ ಬೇರೆಲ್ಲೂ ಸೀಟು ಸಿಗದವರು ಸೇರುವ ಜಾಗವೆಂಬ ಅನುಮಾನ ನಿಮ್ಮ ಪ್ರಶ್ನೆಯ ಹಿಂದಿದ್ದರೆ ಅದನ್ನು ಬಿಟ್ಟುಬಿಡಿ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಇಂತಹ ಮೊದಲ ಸರ್ಕಾರಿ ಕಾಲೇಜು ಆರಂಭವಾದದ್ದೇ, ಊರು ಬಿಡದೆ ಪದವಿಯ ಮೊದಲೆರಡು ವರ್ಷಗಳನ್ನು ಓದಲು ಅನುಕೂಲವಾಗಲೆಂದು. ಪ್ರತಿ ಕೋರ್ಸು ಮುಗಿಸಿದಾಗಲೂ ಅದರ ಲೆಕ್ಕಕ್ಕೆ ಇಂತಿಷ್ಟು ಕ್ರೆಡಿಟ್ ಸೇರುತ್ತದೆ; ಸಾಮಾನ್ಯವಾಗಿ 60 ಕ್ರೆಡಿಟ್ ಗಳಿಸಿದವರಿಗೆ ಅಸೋಸಿಯೇಟ್ ಎಂಬ ಎರಡು ವರ್ಷದ ಪದವಿ ದೊರೆಯುತ್ತದೆ. ಅನಂತರ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗವಾಗಬಹುದು.

ತೊಡಕು ಬರುವುದು ಈ ವರ್ಗಾವಣೆಯಲ್ಲೇ. ಎಂಜಿನಿಯರಿಂಗ್‌ನ ಗಣಿತ ಸಾಮಾನ್ಯವಾಗಿ ಕಲನಶಾಸ್ತ್ರದಿಂದ (ಕ್ಯಾಲ್ಕ್ಯುಲಸ್) ಶುರುವಾಗುತ್ತದೆ. ಹುಡುಗಿ ಬೀಜಗಣಿತದ ಮೂರು ಕ್ರೆಡಿಟ್ ಗಳಿಸಿಕೊಂಡು ಹೋದರೆ, ವಿಶ್ವವಿದ್ಯಾಲಯ ಅದನ್ನು ಒಪ್ಪಿಕೊಂಡರೂ ಮುಖ್ಯ ವಿಷಯಕ್ಕೆ ಲೆಕ್ಕ ಹಿಡಿಯದೆ ಐಚ್ಛಿಕದ ಖಾತೆಗೆ ಹಾಕಬಹುದು. ಅಂಕಪಟ್ಟಿಯಲ್ಲಿ ಕ್ರೆಡಿಟ್ ಇರುತ್ತದೆ, ಪದವಿಯ ದಾರಿ ಮಾತ್ರ ಒಂದು ಹೆಜ್ಜೆಯೂ ಸವೆದಿರುವುದಿಲ್ಲ. ಹೆಸರಿನಲ್ಲಿ ‘ಅಪ್ಲೈಡ್’ ಎಂದಿರುವ ಅಸೋಸಿಯೇಟ್ ಪದವಿಗಳು ವೆಲ್ಡಿಂಗ್‌ನಂತಹ ಕಸುಬಿಗೆ ನೇರವಾಗಿ ಇಳಿಯುವವರಿಗಾಗಿ ರೂಪಿಸಿದವು. ಅವುಗಳ ಎಲ್ಲ ಕ್ರೆಡಿಟ್‌ಗಳೂ ಮುಂದಕ್ಕೆ ಸಾಗುವುದಿಲ್ಲ.

ನೆರವಿನಲ್ಲಿ ನಾನು ಮೊದಲು ಹೇಳುವುದು ‘ಟ್ರಯೋ’ ಯೋಜನೆಯನ್ನು. ಹೆಸರು ಮೂರೆಂದರೂ ಅದರಡಿಯ ಕಾರ್ಯಕ್ರಮಗಳು ಈಗ ಮೂರಕ್ಕಿಂತ ಹೆಚ್ಚು. ಕಡಿಮೆ ಆದಾಯದವರಿಗೆ, ತಂದೆತಾಯಿ ಪದವೀಧರರಲ್ಲದವರಿಗೆ ಮತ್ತು ಅಂಗವಿಕಲರಿಗೆ ಉಚಿತ ಪಾಠ, ಕೋರ್ಸಿನ ಆಯ್ಕೆಯಲ್ಲಿ ಸಲಹೆ, ವರ್ಗಾವಣೆಗೆ ಸಹಾಯ ಇದರಲ್ಲಿ ಸಿಗುತ್ತವೆ. ಇದಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರದ ಅನುದಾನ ಗಿಟ್ಟಿಸಿದ ಕಾಲೇಜುಗಳಲ್ಲಷ್ಟೇ ಇದು ಇರುತ್ತದೆ, ಜಾಗಗಳೂ ಮಿತ. ನಿಮ್ಮ ಅಕ್ಕಭಾವ ಪದವೀಧರರಾಗಿದ್ದು ಆದಾಯವೂ ಚೆನ್ನಾಗಿದ್ದರೆ ಅವಳಿಗೆ ಅನ್ವಯಿಸಲಾರದು.

ಇನ್ನೊಂದು ನೆರವು, ಅಲ್ಲಿನ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನ. ಅದು ಸಾಲವಲ್ಲ, ಹಿಂದಿರುಗಿಸಬೇಕಿಲ್ಲ. 2024–25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್ ಆಗಿತ್ತು. ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಕುಟುಂಬದ ಆದಾಯ ನೋಡಿ ಕೊಡುತ್ತಾರೆ. ವಿದ್ಯಾರ್ಥಿ ವೀಸಾದವರಿಗೆ ಇಲ್ಲ.

ಕಾಲೇಜು ಸೇರುವ ಮುನ್ನವೇ, ಮುಂದೆ ಹೋಗಬೇಕೆಂದಿರುವ ವಿಶ್ವವಿದ್ಯಾಲಯದೊಡನೆ ಆ ಕಾಲೇಜಿಗೆ ವರ್ಗಾವಣೆ ಒಪ್ಪಂದ ಇದೆಯೇ ಎಂದು ಅವಳು ವಿಚಾರಿಸಲಿ. ಇದ್ದರೆ, ಯಾವ ಕೋರ್ಸು ಅಲ್ಲಿ ಯಾವುದಕ್ಕೆ ಸಮವೆಂಬ ಪಟ್ಟಿಯನ್ನು ಸಲಹೆಗಾರರಿಂದ ಲಿಖಿತವಾಗಿಯೇ ಪಡೆಯಲಿ.