ಜೀನ್ ಪರೀಕ್ಷೆ ಇರಲಿ, ಮೂತ್ರ ಪರೀಕ್ಷೆ ಎಲ್ಲಿ?

ಪ್ರಶ್ನೆ: ನನಗೆ 43 ವರ್ಷ. ವಿರಾಜಪೇಟೆ ಬಳಿ ಕಾಫಿ ತೋಟವಿದೆ. ಆರು ವರ್ಷಗಳಿಂದ ಟೈಪ್ 2 ಸಕ್ಕರೆ ಕಾಯಿಲೆ. ತಂದೆ, ದೊಡ್ಡಪ್ಪ ಇಬ್ಬರೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ತೀರಿಕೊಂಡರು. ಇದು ನಮ್ಮ ಒಕ್ಕದ (ಮನೆತನದ) ರಕ್ತದಲ್ಲೇ ಇದೆ ಎನ್ನುತ್ತಾರೆ. ನನ್ನ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) 1.0. ಎಂಜಲು ಕಳುಹಿಸಿ ಜೀನ್ ಪರೀಕ್ಷೆ ಮಾಡಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಹುಡುಕಿದ್ದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಅಂದರೆ ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂಬ ಅಳತೆ. ಅದೇ ಇಲ್ಲ. ಟೈಪ್ 2 ಇರುವವರು ರೋಗ ಪತ್ತೆಯಾದ ವರ್ಷದಿಂದಲೇ, ಪ್ರತಿ ವರ್ಷ, ಈ ಪರೀಕ್ಷೆ ಮಾಡಿಸಬೇಕು. ಕ್ರಿಯಾಟಿನಿನ್ ನೋಡಿ ನೆಮ್ಮದಿಯಾಗಿ ಕೂರಬೇಡಿ. ಮೂತ್ರಪಿಂಡದ ಅರ್ಧ ಶಕ್ತಿ ಕರಗುವವರೆಗೂ ಅದು ಸುಮ್ಮನಿರಬಲ್ಲದು.

ಮನೆತನದ ಪಾಲು ನಿಜ. ಒಂದೇ ಮಟ್ಟದ ಸಕ್ಕರೆ ಇದ್ದರೂ ಒಬ್ಬರ ಮೂತ್ರಪಿಂಡ ಕೆಡುತ್ತದೆ, ಇನ್ನೊಬ್ಬರದು ಮೂವತ್ತು ವರ್ಷ ಬಾಳುತ್ತದೆ. ಆದರೆ ಇದು ಒಂದು ಜೀನಿನ ಕೆಲಸವಲ್ಲ. ಸಣ್ಣ ಸಣ್ಣ ಪ್ರಭಾವದ ಹಲವು ವ್ಯತ್ಯಾಸಗಳು ಸೇರಿ ಅಪಾಯ ಏರುತ್ತದೆ ಅಥವಾ ಇಳಿಯುತ್ತದೆ. ಟೈಪ್ 1 ಮಧುಮೇಹವಿರುವ ಸುಮಾರು 19 ಸಾವಿರ ಯುರೋಪ್ ಮೂಲದವರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮೂತ್ರಪಿಂಡದ ಸೋಸುಪೊರೆಯ ಕೊಲಾಜನ್ ತಯಾರಿಸುವ ಸಿಒಎಲ್4ಎ3 ಜೀನಿನ ಒಂದು ವ್ಯತ್ಯಾಸ ರಕ್ಷಣೆ ಕೊಡುತ್ತದೆ ಎಂದು ಅದರಲ್ಲಿ ಕಂಡುಬಂತು. ಟೈಪ್ 2 ಇರುವ ಕೊಡಗಿನವರ ಹಣೆಬರಹವನ್ನು ಅದರಿಂದ ಓದಲಾಗದು. ಓದುತ್ತೇವೆ ಎಂದು ಎಂಜಲಿನ ಡಬ್ಬಿ ಮಾರುವವರ ಮೇಲೆ ನನಗೆ ಸಿಟ್ಟಿದೆ. ಭಯ ಹುಟ್ಟಿಸಿ ಹಣ ಕೀಳುತ್ತಾರೆ, ಆಮೇಲೆ ಕೊಡುವ ಸಲಹೆ ಅದೇ ಸಕ್ಕರೆ, ಅದೇ ಬಿಪಿ.

ಒಂದು ವಿಷಯ ಮಾತ್ರ ವಿಚಾರಿಸಿ: ಹಿರಿಯರಿಗೆ ಇದ್ದದ್ದು ಸಕ್ಕರೆಯಿಂದ ಬಂದ ತೊಂದರೆಯೇ ಹೌದೇ? ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಿದ್ದವೇ? ಮನೆಯಲ್ಲಿ ಯಾರಿಗಾದರೂ ಮೂತ್ರದಲ್ಲಿ ರಕ್ತ, ಚಿಕ್ಕ ವಯಸ್ಸಿನಲ್ಲೇ ಕಿವುಡುತನ ಇತ್ತೇ? ಇವು ಒಂದೇ ಜೀನಿನಿಂದ ಬರುವ ಬೇರೆ ಮೂತ್ರಪಿಂಡ ಕಾಯಿಲೆಗಳ ಗುರುತಾಗಿರಬಹುದು. ಅಂಥ ಕುಟುಂಬಗಳಿಗೆ ಸ್ಕ್ಯಾನಿಂಗ್, ಅಗತ್ಯವಾದರೆ ಜೀನ್ ಪರೀಕ್ಷೆ, ನಾನೇ ಬರೆದುಕೊಡುತ್ತೇನೆ. ಅದನ್ನು ಮೂತ್ರಪಿಂಡ ತಜ್ಞರ ಮೂಲಕ ಮಾಡಿಸಬೇಕು, ಅಂಚೆಯಲ್ಲಲ್ಲ.

ಈ ವಾರವೇ ಮೂತ್ರ ಕೊಡಿ. ಜ್ವರವಿದ್ದ ದಿನ, ತೋಟದಲ್ಲಿ ಮೈಮುರಿದು ದುಡಿದ ದಿನ ಬೇಡ. ಅನುಪಾತ 30 (ಮಿ.ಗ್ರಾಂ/ಗ್ರಾಂ) ದಾಟಿದ್ದರೆ ಮೂರು ತಿಂಗಳೊಳಗೆ ಮತ್ತೆ ನೋಡಿಸಿ. ಎರಡನೇ ಸಲವೂ ದಾಟಿದ್ದರೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಗುಂಪಿನ ಬಿಪಿ ಮಾತ್ರೆ, ಜೊತೆಗೆ ಮೂತ್ರಪಿಂಡವನ್ನೂ ಕಾಯುವ ಸಕ್ಕರೆ ಮಾತ್ರೆ ಡಪಾಗ್ಲಿಫ್ಲೋಜಿನ್‌ನಂಥದ್ದರ ಬಗ್ಗೆ ವೈದ್ಯರನ್ನು ಕೇಳಿ. ಒಕ್ಕದ ರಕ್ತವನ್ನು ಬದಲಿಸಲಾಗದು, ಹಾನಿಯ ವೇಗವನ್ನು ಇವು ಖಂಡಿತ ತಗ್ಗಿಸುತ್ತವೆ. ನಿಮ್ಮ ಒಡಹುಟ್ಟಿದವರಿಗೂ ಸಕ್ಕರೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೆಟ್‌ಫಾರ್ಮಿನ್ ಕಿಡ್ನಿ ತಿನ್ನುತ್ತದೆಯೇ? (ಸೋಮವಾರಪೇಟೆ)

ಉತ್ತರ: ಇಲ್ಲ. ಕಿಡ್ನಿ ಸೊರಗಿದಾಗ ಅದರ ಪ್ರಮಾಣ ತಗ್ಗಿಸುತ್ತೇವೆ, ತೀರಾ ಸೊರಗಿದರೆ ನಿಲ್ಲಿಸುತ್ತೇವೆ, ಅಷ್ಟೇ. ಸೊಂಟನೋವಿಗೆ ದಿನವೂ ನುಂಗುವ ಡೈಕ್ಲೋಫೆನಾಕ್ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಕೆಡಿಸುತ್ತದೆ.

ಪ್ರಶ್ನೆ: ನಾಟಿ ವೈದ್ಯರೊಬ್ಬರು ಸಕ್ಕರೆಗೆ ಬಿಂಬುಳಿ ರಸ ಹೇಳಿದ್ದಾರೆ. ಕುಡಿಯಬಹುದೇ? (ಗೋಣಿಕೊಪ್ಪಲು)

ಉತ್ತರ: ಬೇಡವೇ ಬೇಡ. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ಹಿಂಡಿ ಕುಡಿಯುವುದು ಬೇರೆ. ಅದರ ಆಕ್ಸಲೇಟ್ ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟುತ್ತದೆ. ಪಕ್ಕದ ಕೇರಳದಲ್ಲಿ ಹೀಗೆ ಕುಡಿದು ಡಯಾಲಿಸಿಸ್‌ಗೆ ಹೋದವರಿದ್ದಾರೆ. ಈಗಾಗಲೇ ಕುಡಿದಿದ್ದರೆ ನಾಳೆಯೇ ಕ್ರಿಯಾಟಿನಿನ್ ನೋಡಿಸಿ.